ಮಗುವಿಗೊಂದು ಸಾಲಲ್ಲ, ಠಿಕಾಣಿಗೊಂದು ಸಾಲು: ಪೋಷಕತ್ವದ ಮಕ್ಕಳ ದಾಖಲೆ ಸರಿಪಡಿಸಿದ ನನ್ನ ಅನುಭವ

ಬಾಲಮಂದಿರದಲ್ಲೋ ಪೋಷಕತ್ವದಲ್ಲೋ (ಹೆತ್ತವರ ಬದಲು ಬೇರೆ ಕುಟುಂಬವೊಂದು ಮಗುವನ್ನು ಸಾಕುವ ವ್ಯವಸ್ಥೆ) ಇರುವ ಮಕ್ಕಳ ಪಟ್ಟಿಯಲ್ಲಿ ಮಗುವಿಗೊಂದು ಸಾಲು ಬೇಡ, ಮಗು ಇದ್ದ ಪ್ರತಿ ಜಾಗಕ್ಕೂ ಒಂದೊಂದು ಸಾಲು ಇರಲಿ ಎಂದು ನಾನು ಹೇಳಿದಾಗ ನಮ್ಮ ಮಕ್ಕಳ ರಕ್ಷಣಾ ಘಟಕದಲ್ಲಿ ಒಪ್ಪಿದವರೇ ಇರಲಿಲ್ಲ. ಇರುವ ಸಾವಿರ ಚಿಲ್ಲರೆ ಸಾಲನ್ನೇ ತುಂಬಿ ಮುಗಿಸಲು ಆಗುತ್ತಿಲ್ಲ, ಅದರ ಎರಡು ಮೂರು ಪಟ್ಟು ಯಾರು ತುಂಬುತ್ತಾರೆ ಎಂದರು. ಮನೆಮನೆಗೆ ಹೋಗಿ ಮಕ್ಕಳನ್ನು ನೋಡಿಬರುವ ಔಟ್‌ರೀಚ್ ವರ್ಕರ್ ಒಬ್ಬರು ಮುಖಕ್ಕೇ ಹೇಳಿದರು: “ಮೇಡಂ, ಇನ್ನೊಂದು ರಜಿಸ್ಟರ್ ಬ್ಯಾಡ್ರೀ. ಇದ್ದದ್ದ ತುಂಬಾಕ ಆಗವಲ್ದು.” ಅದಾಗಿ ಎರಡು ವರ್ಷದ ಮೇಲಾಯಿತು. ನಮ್ಮ ಜಿಲ್ಲೆಯ ಯಾವ ಮಗು ಇವತ್ತು ಎಲ್ಲಿದೆ, ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ (ಸಿಡಬ್ಲ್ಯೂಸಿ) ಯಾವ ಆದೇಶದ ಮೇಲಿದೆ, ಆ ಆದೇಶ ಎಂದು ಮುಗಿಯುತ್ತದೆ ಎಂದು ಯಾರೇ ಕೇಳಲಿ, ಫೋನ್ ಇಡುವುದರೊಳಗೆ ಹೇಳುತ್ತೇನೆ. ಹಾಗೆ ಹೇಳಬಲ್ಲ ಘಟಕಗಳು ಬಹಳ ಇರಲಾರವು.

ಮಕ್ಕಳ ವಿವರ ತುಂಬುವ ಸರ್ಕಾರಿ ವೆಬ್ ಪೋರ್ಟಲ್‌ಗಳ ಕಥೆ ಈ ಕೆಲಸದಲ್ಲಿರುವವರಿಗೆ ಗೊತ್ತೇ ಇದೆ. ಟ್ರ್ಯಾಕ್ ಚೈಲ್ಡ್ ಇತ್ತು, ಈಗ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪೋರ್ಟಲ್ ಬಂದಿದೆ. ದತ್ತು ಹೋಗುವ ಮಕ್ಕಳಿಗೆ ಕೇರಿಂಗ್ಸ್ ಬೇರೆ, ಬೀದಿ ಮಕ್ಕಳಿಗೆ, ಕೋವಿಡ್‌ನಲ್ಲಿ ಹೆತ್ತವರನ್ನು ಕಳೆದುಕೊಂಡವರಿಗೆ ಬಾಲ ಸ್ವರಾಜ್ ಬೇರೆ, ಮನೆಗೆ ಮರಳುವ ಮಕ್ಕಳಿಗೆ 2022ರಿಂದ ಘರ್ ಬೇರೆ. ಇವುಗಳ ಮೇಲೆ ಸಿಡಬ್ಲ್ಯೂಸಿ ಕೇಸ್ ನಂಬರ್, ಬಾಲಮಂದಿರದ ದಾಖಲಾತಿ ನಂಬರ್. ಬೇರೆ ಜಿಲ್ಲೆಗೆ ವರ್ಗವಾದರೆ ಕೇಸ್ ನಂಬರ್ ಮತ್ತೆ ಹೊಸದು. ಸಮಿತಿಯ ಅವಧಿ ಮುಗಿದು ಪಕ್ಕದ ಜಿಲ್ಲೆಯವರಿಗೆ ಪ್ರಭಾರ ಇದ್ದ ತಿಂಗಳುಗಳಲ್ಲಂತೂ ಒಂದೇ ಮಗುವಿನ ಫೈಲಿಗೆ ಮೂರು ನಂಬರ್ ಬಿದ್ದದ್ದನ್ನು ಕಂಡಿದ್ದೇನೆ. ಪೋರ್ಟಲ್ ಮೇಲಿನವರಿಗೆ ಎಣಿಕೆ ಕೊಡುತ್ತದೆ. ಕೆಳಗಿನ ನಮಗೆ ಬೇಕಾದದ್ದು ಮಗು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ದಾರಿ.

ಮೊದಲು ದುಡ್ಡು ಹೋದದ್ದು ಸಾಫ್ಟ್‌ವೇರ್ ಮಾಡಿಸಿದಾಗ. ಒಬ್ಬ ದಾನಿಯ ನೆರವಿನಲ್ಲಿ ಒಂದು ಕಂಪನಿಗೆ ಕೊಟ್ಟರು. ಮೂರೂವರೆ ಲಕ್ಷದ ಕೊಟೇಶನ್, ವರ್ಷಕ್ಕೆ ನಿರ್ವಹಣೆ ಅಂತ ಮತ್ತೆ ಐವತ್ತು ಸಾವಿರದ ಮಾತು. ಎಂಬತ್ತು ಸಾವಿರದಷ್ಟು ಮುಂಗಡ ಹೋಯಿತು. ತೆರೆ ಚಂದ ಇತ್ತು, ಬಣ್ಣಬಣ್ಣದ ಗ್ರಾಫ್ ಇತ್ತು. ಆದರೆ ಮಗು ಬಾಲಮಂದಿರದಿಂದ ಪೋಷಕ ಕುಟುಂಬಕ್ಕೆ ಹೋದ ದಿನ ವಿಳಾಸ ಬದಲಿಸಿದರೆ ಹಳೆಯದು ಅಳಿಸಿಹೋಗುತ್ತಿತ್ತು. ಆರು ತಿಂಗಳ ಮೇಲೆ ಸಮಿತಿಯವರು “ಇದಕ್ಕೂ ಮುಂಚೆ ಎಲ್ಲಿತ್ತು?” ಎಂದು ಕೇಳಿದರೆ ಮತ್ತೆ ಕಪಾಟಿನ ಫೈಲೇ ಗತಿ. ಅದನ್ನು ಸರಿಪಡಿಸಲು ಇನ್ನೊಂದು ಲಕ್ಷ ಕೇಳಿದಾಗ ದಾನಿಗಳು ಕೈಬಿಟ್ಟರು.

ಆಮೇಲೆ ಬಂದದ್ದು ಗೂಗಲ್ ಫಾರ್ಮ್. ಖರ್ಚಿಲ್ಲ, ಮೊಬೈಲಿನಲ್ಲೇ ತುಂಬಬಹುದು, ಎಲ್ಲರೂ ಖುಷಿಯಾದರು. ಕೆಲವು ತಿಂಗಳಲ್ಲಿ ಆ ಶೀಟಿನ ಲಿಂಕ್ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ತಿರುಗುತ್ತಿರುವುದು ಕಣ್ಣಿಗೆ ಬಿತ್ತು. ಮಗುವಿನ ಹೆಸರು, ಶಾಲೆ, ಪೋಷಕ ಕುಟುಂಬದ ಮನೆ, ಎಲ್ಲ ಅದರಲ್ಲಿತ್ತು. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74ರ ಪ್ರಕಾರ ಮಗುವಿನ ಗುರುತು ಬಹಿರಂಗ ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಆದರೆ ನನ್ನನ್ನು ಹೆದರಿಸಿದ್ದು ದಂಡವಲ್ಲ. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಮಗುವಿನ ಈಗಿನ ವಿಳಾಸ ಆ ಮನೆಯವರ ಕೈಗೇ ಸಿಗಬಹುದಿತ್ತು. ಅವತ್ತೇ ಮುಚ್ಚಿಸಿದೆವು.

ಅಲ್ಲಿಂದ ನನ್ನ ಪದ್ಧತಿ ಶುರು. ಕಚೇರಿಯ ಹಳೇ ಡೆಸ್ಕ್‌ಟಾಪ್, ಅದಕ್ಕೆ ಇಂಟರ್ನೆಟ್ ಇಲ್ಲ, ಮೈಕ್ರೋಸಾಫ್ಟ್ ಆಕ್ಸೆಸ್. ಎಸ್‌ಎಸ್‌ಡಿ, ರ‍್ಯಾಮ್, ಯುಪಿಎಸ್ ಬ್ಯಾಟರಿ, ಎರಡು ಹಾರ್ಡ್ ಡಿಸ್ಕ್, ಒಂದು ಸ್ಕ್ಯಾನರ್. ಎಲ್ಲ ಸೇರಿ ಮೂವತ್ತೈದು ನಲವತ್ತು ಸಾವಿರದೊಳಗೆ ಮುಗಿಯಿತು. ಟೇಬಲ್ ಮೂರೇ: ಮಗು, ಠಿಕಾಣಿ, ಆದೇಶ. ಠಿಕಾಣಿಯಲ್ಲಿ ಎಲ್ಲಿ, ಎಂದಿನಿಂದ, ಎಂದಿನವರೆಗೆ, ಯಾಕೆ ಬಿಟ್ಟಿತು. ಹಳೇ ಠಿಕಾಣಿಗೆ ಮುಕ್ತಾಯದ ದಿನಾಂಕ ಹಾಕದೆ ಹೊಸದು ತೆರೆಯುವುದಿಲ್ಲ. ಆದೇಶ ಸಂಖ್ಯೆ ಇಲ್ಲದೆ ಯಾವ ಠಿಕಾಣಿಯೂ ಉಳಿಯುವುದಿಲ್ಲ. ಒಂದೇ ವಿನಾಯಿತಿ, “ತಿಳಿದಿಲ್ಲ” ಎಂಬ ಠಿಕಾಣಿ. ಮೊದಲೆಲ್ಲ ಮಗು ಎಲ್ಲಿದೆ ಎಂದು ಗೊತ್ತಿಲ್ಲದ ತಿಂಗಳುಗಳಿಗೂ ಹಿಂದಿನ ಸಂಸ್ಥೆಯ ಹೆಸರನ್ನೇ ಬರೆದು ತುಂಬಿಸುತ್ತಿದ್ದರು. ಈಗ ಆ ತಿಂಗಳುಗಳು ಕೆಂಪಗೆ ಎದ್ದು ಕಾಣುತ್ತವೆ, ಯಾರಾದರೂ ಹುಡುಕಲು ಹೊರಡುತ್ತಾರೆ.

ಬೆವರು ಹರಿದದ್ದು ಹೆಸರುಗಳ ಮೇಲೆ. ಹಳೇ ಪಟ್ಟಿಗಳೆಲ್ಲ ಹಳೇ ನುಡಿ ಫಾಂಟಿನಲ್ಲಿದ್ದವು. ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವೊತ್ತು ಇದ್ದ ಹೆಸರುಗಳು ಕೆಟ್ಟು ನಿಂತವು. ದುರ್ಗವ್ವಗಳನ್ನೆಲ್ಲ ಕೈಯಾರೆ ತಿದ್ದಬೇಕಾಯಿತು. ಅದಕ್ಕಿಂತ ಕಾಡಿದ್ದು ಕಣ್ಣಿಗೆ ಕಾಣದ ಒಂದು ಅಕ್ಷರ. “ರಾಜ್‌ಕುಮಾರ್” ಎಂದು ಸರಿಯಾಗಿ ಮೂಡಲು ನಡುವೆ ಶೂನ್ಯ ಅಗಲದ ಗುರುತೊಂದು ಕೂರುತ್ತದೆ. ಕೆಲವರು ಟೈಪ್ ಮಾಡುವಾಗ ಅದು ಇನ್ನೆಲ್ಲೋ, ಬೇಡದ ಕಡೆಯೂ ಸೇರಿಕೊಂಡಿರುತ್ತದೆ. ತೆರೆಯ ಮೇಲೆ ಎರಡು ಹೆಸರೂ ಒಂದೇ, ಹುಡುಕಿದರೆ ಒಂದು ಮಾತ್ರ ಸಿಗುತ್ತದೆ. ಹೋಲಿಸುವ ಮುನ್ನ ಆ ಗುರುತನ್ನೆಲ್ಲ ಕಿತ್ತುಹಾಕಿ. ಇದೊಂದು ಮಾಡಿದ್ದಕ್ಕೇ ಡುಪ್ಲಿಕೇಟ್‌ಗಳು ಹಿಂಡುಗಟ್ಟಲೆ ಹೊರಬಿದ್ದವು. ಯಲ್ಲವ್ವ, ಯಲ್ಲಮ್ಮ, ಯಲ್ಲವಾ, ಎಲ್ಲವ್ವ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ನಿಯಮಗಳನ್ನೂ ನಾನೇ ಬರೆದಿದ್ದೇನೆ. ಎರಡು ದಾಖಲೆ ಒಂದೇ ಮಗುವಿನದೋ ಎಂದು ಅಳೆಯಲು ತಾಯಿಯ ಹೆಸರಿಗೆ ಎಷ್ಟು ಅಂಕ, ಊರಿಗೆ ಎಷ್ಟು, ಎಷ್ಟು ದಾಟಿದರೆ “ನೋಡಿ” ಎನ್ನಬೇಕು ಎಂಬ ಲೆಕ್ಕ ಮಾತ್ರ ಇಲ್ಲಿ ಕೊಡುವುದಿಲ್ಲ. ಹೆಸರಿನ ಬದಲು ಮಗುವಿಗೆ ಕೊಡುವ ಕೋಡ್ ಹೇಗೆ ಕಟ್ಟುತ್ತೇನೆ ಎಂಬುದನ್ನಂತೂ ಎಲ್ಲೂ ಬರೆಯುವಂತಿಲ್ಲ.

ಹುಟ್ಟಿದ ದಿನಾಂಕವನ್ನು ನಂಬಿ ಹೊಂದಿಸಲು ಹೋಗಬೇಡಿ. ಶಾಲೆಗೆ ಸೇರಿಸುವಾಗ ಹಾಕಿದ ಜೂನ್ 1 ನಮ್ಮ ಪಟ್ಟಿಯ ತುಂಬ ಇದೆ. ದಿನಾಂಕದ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂಬ ಕಲಂ ಇಡಿ: ಜನನ ಪ್ರಮಾಣಪತ್ರವೋ, ಶಾಲೆಯೋ, ವೈದ್ಯಕೀಯ ಅಂದಾಜೋ. ನನಗೆ ಎಲ್ಲಕ್ಕಿಂತ ಆಸರೆಯಾದದ್ದು ಶಿಕ್ಷಣ ಇಲಾಖೆ ಶಾಲಾ ಮಕ್ಕಳಿಗೆ ಕೊಡುವ ಸ್ಯಾಟ್ಸ್ ನಂಬರ್. ಮಗು ಶಾಲೆ ಬದಲಿಸಿದರೂ ಅದು ಬದಲಾಗುವುದಿಲ್ಲ, ಆಧಾರ್ ಇಲ್ಲದ ಮಗುವಿಗೂ ಇರುತ್ತದೆ.

ಒಂದು ಉದಾಹರಣೆ ಹೇಳಲೇಬೇಕು. ಶಿಶುಮಂದಿರದಲ್ಲಿ ಒಟ್ಟಿಗಿದ್ದ ಅಣ್ಣ ತಂಗಿ. ಆರು ತುಂಬಿದ ಮೇಲೆ ಅಣ್ಣ ಬಾಲಕರ ಬಾಲಮಂದಿರಕ್ಕೆ ಹೋದ. ತಂಗಿಯನ್ನು ಮುಂದೆ ಬೇರೆ ಜಿಲ್ಲೆಯ ಸಂಸ್ಥೆಗೆ ಕಳಿಸಿದರು. ಅವನ ಫೈಲಿನಲ್ಲಿ ತಾಯಿ ಒಂದು ಹೆಸರಿನವಳು, ಇವಳ ಫೈಲಿನಲ್ಲಿ ಅದೇ ಹೆಸರಿನ ಇನ್ನೊಂದು ರೂಪ, ಜೊತೆಗೆ ಅಡ್ಡಹೆಸರು ಇಲ್ಲ. ಅಣ್ಣನನ್ನು ಪೋಷಕತ್ವಕ್ಕೆ ಕೊಡುವ ಮಾತುಕತೆ ನಡೆದಿತ್ತು, ಒಡಹುಟ್ಟಿದವರಿಲ್ಲ ಎಂದೇ ವರದಿಯಲ್ಲಿತ್ತು. ನನ್ನ ಪಟ್ಟಿ ಇಬ್ಬರನ್ನೂ ಅಕ್ಕಪಕ್ಕ ತಂದು ನಿಲ್ಲಿಸಿತು. ಠಿಕಾಣಿಯ ಮೊದಲ ಸಾಲು ಇಬ್ಬರದೂ ಒಂದೇ ಕಟ್ಟಡ, ಒಂದೇ ದಿನಾಂಕ. ಆಪ್ತಸಮಾಲೋಚಕರು ಹುಡುಗನನ್ನು ಕೇಳಿದರೆ ಅವನು ತಂಗಿಯ ಹೆಸರು, ಅವಳ ಹಣೆಯ ಮೇಲಿನ ಗಾಯದ ಗುರುತು, ಎರಡನ್ನೂ ಹೇಳಿದ. ಅವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಇಬ್ಬರೂ ಒಂದೇ ಮನೆಗೆ ಹೋದರು.

ಅನುಮಾನ ಇದ್ದವರ ಮನಸ್ಸು ತಿರುಗಿಸಿದ್ದು ಹಣದ ಪಟ್ಟಿ. ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವಕ್ಕೂ (ಮಗು ತನ್ನ ಕುಟುಂಬದಲ್ಲೇ ಉಳಿಯಲು ಕೊಡುವ ನೆರವು) ಪೋಷಕತ್ವಕ್ಕೂ ಮಗುವಿಗೆ ತಿಂಗಳಿಗೆ 4,000 ರೂ. ನಮ್ಮಲ್ಲಿ ಪೋಷಕತ್ವದ ಮಕ್ಕಳು ಇಪ್ಪತ್ತೈದರ ಆಸುಪಾಸು, ಪ್ರಾಯೋಜಕತ್ವ ನೂರಾರು. ಪಾವತಿ ಪಟ್ಟಿಯನ್ನೂ ಠಿಕಾಣಿಯನ್ನೂ ಮೊದಲ ಸಲ ಹೊಂದಿಸಿದಾಗ ನಲವತ್ತರ ಹತ್ತಿರ ಹೆಸರು ತಾಳೆಯಾಗಲಿಲ್ಲ. ಕೆಲವು ಮಕ್ಕಳು ಮನೆಗೆ ಮರಳಿ ತಿಂಗಳುಗಳಾದರೂ ಹಣ ಹಳೇ ಖಾತೆಗೆ ಹೋಗುತ್ತಿತ್ತು. ಇನ್ನು ಕೆಲವರು ಕುಟುಂಬದಲ್ಲೇ ಇದ್ದರೂ ಆಧಾರ್ ಜೋಡಣೆಯಾಗದೆ ಒಂದು ರೂಪಾಯಿಯೂ ಬಂದಿರಲಿಲ್ಲ. ಒಬ್ಬ ಅಜ್ಜಿಗೆ ಬಾಕಿ ಮೂವತ್ತು ಸಾವಿರದ ಮೇಲೆ ಬಂತು. ಆಮೇಲೆ ಪಟ್ಟಿ ಬೇಡ ಎಂದವರಿಲ್ಲ.

ತುಂಬುವವರಿಗೆ ಏನಾದರೂ ವಾಪಸ್ ಸಿಗಬೇಕು, ಇದು ನನ್ನ ಹಟ. ಪ್ರತಿ ಸೋಮವಾರ ಒಬ್ಬೊಬ್ಬ ಔಟ್‌ರೀಚ್ ವರ್ಕರ್‌ಗೂ ಒಂದು ಹಾಳೆ ಕೊಡುತ್ತೇನೆ. ಹೆಸರಿಲ್ಲ, ಕೋಡ್ ಮಾತ್ರ, ಬಸ್ ರೂಟಿನ ಕ್ರಮದಲ್ಲಿ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 44ರ ಪ್ರಕಾರ ಪೋಷಕ ಕುಟುಂಬಕ್ಕೆ ತಿಂಗಳು ತಿಂಗಳೂ ಸಮಿತಿಯ ಪರಿಶೀಲನೆ ಆಗಬೇಕು, ಯಾರದು ಬಾಕಿ ಎಂದು ಅದರಲ್ಲಿರುತ್ತದೆ. ಮಗುವನ್ನು ಪೋಷಕತ್ವಕ್ಕೆ ಕೊಡುವ ನಮೂನೆ 32ರ ಆದೇಶ ಮುಗಿಯಲು ಅರವತ್ತು ದಿನ ಇದೆ ಎನ್ನುವಾಗ ಅದೂ ಬರುತ್ತದೆ. ಅವರು ಅದರ ಮೇಲೇ ಪೆನ್ನಿನಲ್ಲಿ ಬರೆದು ತರುತ್ತಾರೆ, ಡೇಟಾ ಎಂಟ್ರಿಯವರು ತುಂಬುತ್ತಾರೆ. ಮೊಬೈಲ್ ಆ್ಯಪ್ ಬೇಕಾಗಲೇ ಇಲ್ಲ.

ನಡುವೆ ಒಂದೆರಡು ಪ್ರಯೋಗ ಮಾಡಿದ್ದುಂಟು. ಮುಖದ ಫೋಟೋ ಹೊಂದಿಸಿ ನೋಡಿದೆ. ನಾಲ್ಕು ವರ್ಷದ ಮುಖವೂ ಒಂಬತ್ತು ವರ್ಷದ ಮುಖವೂ ಕೂಡಲಿಲ್ಲ, ಮಕ್ಕಳ ಫೋಟೋ ರಾಶಿ ಹಾಕುವುದೂ ಮನಸ್ಸಿಗೆ ಒಗ್ಗಲಿಲ್ಲ, ಅಳಿಸಿದೆ. ಫೈಲಿನ ಬೆನ್ನಿಗೆ ಬಾರ್‌ಕೋಡ್ ಸ್ಟಿಕರ್ ಅಂಟಿಸಿದ್ದು ಮಾತ್ರ ಭರ್ಜರಿ ಕೆಲಸ ಕೊಟ್ಟಿತು. ಎರಡು ಸಾವಿರ ರೂಪಾಯಿ ಚಿಲ್ಲರೆಯ ಸ್ಕ್ಯಾನರಿನಿಂದ ಫೈಲ್ ಯಾರ ಮೇಜಿನ ಮೇಲಿದೆ ಎಂದು ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಬೆವರಿಗೆ ಸ್ಟಿಕರ್ ಕಿತ್ತು ಬರುತ್ತದೆ, ಮೇಲೆ ಅಗಲದ ಪಾರದರ್ಶಕ ಟೇಪ್ ಹಚ್ಚಿ.

ಈಗ ಕೂತಿರುವುದು ಹೊಸ ಪಟ್ಟಿಯ ಮೇಲೆ. ಪೋಷಕ ಕುಟುಂಬವೇ ಮಗುವನ್ನು ದತ್ತು ಪಡೆಯಲು ಮೊದಲು ಐದು ವರ್ಷ ಜೊತೆಗಿರಬೇಕಿತ್ತು, 2024ರ ಮಾರ್ಗಸೂಚಿ ಅದನ್ನು ಎರಡು ವರ್ಷಕ್ಕೆ ಇಳಿಸಿದೆ. ಎರಡು ವರ್ಷ ಒಂದೇ ಮನೆಯಲ್ಲಿತ್ತು ಎಂದು ತೋರಿಸಲು ದಿನಾಂಕ ಬೇಕು, ನಮ್ಮ ಠಿಕಾಣಿಯಲ್ಲಿ ಅದು ಆದೇಶ ಸಂಖ್ಯೆ ಸಮೇತ ಇದೆ. ಬೇಸಿಗೆ ರಜೆಗೆ ಸಂಬಂಧಿಕರ ಮನೆಗೆ ಹೋಗಿ ಬಂದ ಮಕ್ಕಳ ಲೆಕ್ಕದಲ್ಲಿ ಮಾತ್ರ ಗೊಂದಲವಾಗುತ್ತಿತ್ತು. ಅದನ್ನು ಠಿಕಾಣಿ ಬದಲಾವಣೆ ಎಂದು ಹಿಡಿಯದೆ “ಭೇಟಿ” ಎಂಬ ಬೇರೆ ಕಲಂ ಮಾಡಿ, ಹೋದ ಬಂದ ದಿನ ಬರೆಯುತ್ತಿದ್ದೇನೆ. ಈ ಪಟ್ಟಿಯಲ್ಲಿ ಸದ್ಯ ನಾಲ್ಕೈದು ಮಕ್ಕಳಿದ್ದಾರೆ, ಎರಡು ಕುಟುಂಬಗಳು ಅರ್ಜಿ ಹಾಕಲು ಕಾಗದಪತ್ರ ಸೇರಿಸುತ್ತಿವೆ.