ಕೊನೆಯ ಸೆಮಿಸ್ಟರ್‌ನಲ್ಲಿ ಒಬ್ಬರೇ ಗುಡ್ಡ ಹತ್ತುವವರಿಗೆ: ಕೊಪ್ಪಳ ಸೀಮೆಯ ಕ್ರಮ

ಪದವಿಯ ಆರನೆಯ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್, ಉಳಿದ ಬ್ಯಾಕ್‌ಲಾಗ್, ಮುಂದೇನು ಎಂದು ಕೇಳುವ ನೆಂಟರು, ಇಷ್ಟೂ ಒಮ್ಮೆಲೇ ಬಂದು ಕೂಡುತ್ತವೆ. ಆ ಗದ್ದಲದಿಂದ ಒಂದು ಬೆಳಗಿನ ಮಟ್ಟಿಗಾದರೂ ಹೊರಗೆ ಹೋಗಿ, ಯಾರೊಡನೆಯೂ ಮಾತಾಡದೆ ಗುಡ್ಡ ಹತ್ತಬೇಕೆನ್ನಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊಪ್ಪಳದಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷ ನಾನು ಕಲಿತದ್ದು ಮುಖ್ಯವಾಗಿ ಒಂದೇ ಸಂಗತಿ: ಹೊರಡುವ ಹೊತ್ತನ್ನು ಆಮೇಲೆ ನೋಡಿಕೊಳ್ಳಬಹುದು, ಮರಳುವ ಹೊತ್ತನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇದು ಗುಡ್ಡಕ್ಕೆ ಎಷ್ಟು ನಿಜವೋ ಸೆಮಿಸ್ಟರ್‌ಗೂ ಅಷ್ಟೇ ನಿಜ.

ಮೊದಲು ಹಾಜರಿಯ ಲೆಕ್ಕ ಹಾಕಿ. ವಾರಕ್ಕೆ ನಾಲ್ಕು ತರಗತಿಗಳಿರುವ ವಿಷಯಕ್ಕೆ 15 ವಾರಗಳಲ್ಲಿ 60 ತರಗತಿಗಳಾಗುತ್ತವೆ, ಶೇ. 75ರ ಹಾಜರಿ ಬೇಕೆಂದರೆ 45ಕ್ಕೆ ಕೂರಲೇಬೇಕು. ಉಳಿದ 15 ನಿಮ್ಮವೇ ಎಂದು ತಿಳಿಯಬೇಡಿ, ಏಕೆಂದರೆ ಜ್ವರ, ಸೋದರಮಾವನ ಮಗಳ ಮದುವೆ, ವಿದ್ಯಾರ್ಥಿವೇತನದ ಅರ್ಜಿಗಾಗಿ ಅಲೆಯುವ ದಿನಗಳು ಅವುಗಳಲ್ಲಿ ಬಹುಪಾಲನ್ನು ನುಂಗುತ್ತವೆ. ಆದ್ದರಿಂದ ಗುಡ್ಡಕ್ಕೆ ಭಾನುವಾರ ಮಾತ್ರ, ಅದೂ ಎರಡು ವಾರಕ್ಕೊಮ್ಮೆ. ಆಂತರಿಕ ಪರೀಕ್ಷೆಯ ಮತ್ತು ಪ್ರಾಜೆಕ್ಟ್ ಒಪ್ಪಿಸುವ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅವುಗಳ ಹಿಂದಿನ ಭಾನುವಾರಗಳನ್ನು ಮೊದಲೇ ಹೊಡೆದುಹಾಕಿ. ಬ್ಯಾಕ್‌ಲಾಗ್ ಇದ್ದವರು ಮೊದಲ ನಾಲ್ಕು ವಾರಗಳನ್ನು ಅದಕ್ಕೇ ಕೊಡುವುದು ಒಳ್ಳೆಯದು. ಹತ್ತುವ ಗುಡ್ಡವನ್ನೇ ಪ್ರಾಜೆಕ್ಟಿನ ವಿಷಯವಾಗಿ ಆರಿಸಿಕೊಂಡರೆ ಎರಡೂ ಕೆಲಸ ಆಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಹಾಗೆ ಮಾಡಿದವರು ಆಮೇಲೆ ಆ ಗುಡ್ಡದತ್ತ ತಲೆಯೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ.

ಎರಡನೆಯದು ಬಿಸಿಲಿನ ಲೆಕ್ಕ. ಫೆಬ್ರುವರಿಯಿಂದ ಮಾರ್ಚ್ ನಡುವಿನವರೆಗೆ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಡೆಯಬಹುದು. ಮಾರ್ಚ್ ನಡು ದಾಟಿದ ಮೇಲೆ ಒಂಬತ್ತಕ್ಕೆಲ್ಲ ಕೆಳಗಿಳಿದಿರಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾದ ಹೆಬ್ಬಂಡೆ ಸೂರ್ಯ ಮುಳುಗಿದ ಮೇಲೂ ಒಲೆಯ ಮೇಲಿನ ಹಂಚಿನಂತೆ ಝಳ ಹೊಡೆಯುತ್ತದೆ. ಆಗ ಸಂಜೆಯ ಚಾರಣವೂ ಸಲ್ಲದು. ಎರಡು ವಾರಕ್ಕೊಂದರಂತೆ ಎಣಿಸಿದರೆ ಇಡೀ ಸೆಮಿಸ್ಟರ್‌ಗೆ ನಿಮಗೆ ಸಿಗುವ ಒಳ್ಳೆಯ ಭಾನುವಾರಗಳು ಮೂರೋ ನಾಲ್ಕೋ. ಅದಕ್ಕೇ ಅವುಗಳನ್ನು ಕಂಡಕಂಡ ಗುಡ್ಡಕ್ಕೆ ವ್ಯಯಿಸಬಾರದು.

ಮೊದಲನೆಯದನ್ನು ಊರಿಗೆ ಅಂಟಿಕೊಂಡೇ ಮಾಡಿ. ಕೊಪ್ಪಳದ ಗವಿಮಠದ ಬಳಿಯ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರು ಶಿಲಾಶಾಸನಗಳಿವೆ. ಬಂಡೆಯ ಮೇಲೆ ಬಂಡೆ ಕುಳಿತು ಪಲ್ಲಕ್ಕಿಯಂತೆ ಕಾಣುವ ಪಾಲ್ಕಿಗುಂಡಿನ ನೆತ್ತಿಯಿಂದ ಊರೆಲ್ಲ ಕಾಣುತ್ತದೆ, ದಾರಿ ತಪ್ಪುವ ಭಯವಿಲ್ಲ. ನಿಮ್ಮ ಉಸಿರು, ಮಂಡಿ, ಬೂಟು ಹೇಗಿವೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲುಗಳು ಕಾಲಿಗೆ ಒಳ್ಳೆಯ ಅಭ್ಯಾಸ, ಆದರೆ ಅಲ್ಲಿ ಏಕಾಂತ ಹುಡುಕಬೇಡಿ. ಭಕ್ತರೂ ಮಂಗಗಳೂ ನಿಮ್ಮನ್ನು ಒಬ್ಬರೇ ಇರಲು ಬಿಡುವುದಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಮಂಗಗಳು ಅದು ತಮಗೇ ತಂದದ್ದೆಂದು ತಿಳಿಯುತ್ತವೆ.

ನನ್ನ ಮನಸ್ಸಿನ ಗುಡ್ಡ ಹಿರೇಬೆಣಕಲ್‌ನದು. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ, ಊರವರು ಮೋರ್ಯರ ಗುಡ್ಡ ಎಂದು ಕರೆಯುವ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ಶಿಲಾಸಮಾಧಿಗಳಿವೆ. ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ ಮನೆಯಂಥ ಕೋಣೆಗಳು. ಕೆಲವುಗಳ ಗೋಡೆಗಲ್ಲಿನಲ್ಲಿ ದುಂಡನೆಯ ಕಂಡಿ. ಬಡಿದರೆ ದೂರದವರೆಗೆ ದನಿ ಹೋಗುವ ನಗಾರಿಯಾಕಾರದ ಬಂಡೆಯೂ ಇಲ್ಲಿದೆ. 2021ರಲ್ಲಿ ಇದು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಕೆಲವು ಕೋಣೆಗಳು ಬಾಗಿ ನಿಂತಿವೆ, ಆದ್ದರಿಂದ ಒಳಗೆ ನುಸುಳುವುದು, ಚಪ್ಪಡಿಗೆ ಒರಗುವುದು, ಮೇಲೆ ಹತ್ತುವುದು ಯಾವುದೂ ಬೇಡ.

ಇಲ್ಲಿಗೆ ಮೊದಲ ಸಲ ದಾರಿ ಬಲ್ಲ ಊರಿನವರೊಬ್ಬರ ಜೊತೆಗೇ ಹೋಗಿ, ಎರಡನೆಯ ಸಲಕ್ಕೆ ಏಕಾಂತವನ್ನು ಉಳಿಸಿಕೊಳ್ಳಿ. ನಾನು ಈ ಮಾತನ್ನು ಮೀರಿದವಳೇ. ಹತ್ತುವಾಗ ಸ್ಪಷ್ಟವಾಗಿದ್ದ ಕಾಲುದಾರಿ ಇಳಿಯುವಾಗ ಆಡು ಕುರಿಗಳು ತುಳಿದ ಹತ್ತು ದಾರಿಗಳಾಗಿ ಒಡೆದುಕೊಂಡಿತ್ತು. ಎರಡು ಸಲ ತಪ್ಪು ಕಡೆ ಇಳಿದು ಮತ್ತೆ ಹತ್ತಿದೆ, ನೀರು ಮುಗಿಯಿತು, ನಾಲ್ಕು ಗಂಟೆ ದಾಟಿತು. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು, “ಒಬ್ಬಾಕೀನ ಬಂದೀಯೇನ್ ಯವ್ವಾ? ಹೊತ್ತು ಮುಳುಗೋದ್ರಾಗ ಕೆಳಗ ಇಳೀಬೇಕು, ಕರಡಿ ಅದಾವ ಇಲ್ಲಿ,” ಎಂದು ಬೈದುಕೊಂಡೇ ದಾರಿಯವರೆಗೆ ಬಿಟ್ಟರು. ಅಂದಿನಿಂದ ಹತ್ತುವಾಗ ಹತ್ತು ನಿಮಿಷಕ್ಕೊಮ್ಮೆ ನಿಂತು ಹಿಂದಿರುಗಿ ನೋಡುತ್ತೇನೆ ಮತ್ತು ದಾರಿ ಕವಲೊಡೆಯುವಲ್ಲೆಲ್ಲ ಇಳಿಯುವ ದಿಕ್ಕಿಗೆ ಮುಖ ಮಾಡಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತೇನೆ. ಬಂಡೆಯ ಒಂದು ಬದಿಯನ್ನು ಮಾತ್ರ ಕಂಡವರಿಗೆ ಮರಳುವಾಗ ಅದೇ ಬಂಡೆ ಗುರುತು ಸಿಗುವುದಿಲ್ಲ.

ಕರಡಿಯ ಮಾತು ಹೆದರಿಸಲು ಹೇಳುವುದಲ್ಲ. ದರೋಜಿಯ ಕರಡಿಧಾಮವನ್ನು ಸ್ಥಾಪಿಸಿದ್ದು ಇದೇ ಬಗೆಯ ಕಲ್ಲುಗುಡ್ಡಗಳ ನಡುವೆ. ಕರಡಿ, ಚಿರತೆಗಳು ಮುಸ್ಸಂಜೆಯಿಂದ ಮುಂಜಾವಿನವರೆಗೆ ಓಡಾಡಿ, ಹಗಲು ಬಂಡೆಗಳ ಸಂದಿಯಲ್ಲಿ ಮಲಗುತ್ತವೆ. ಆದ್ದರಿಂದ ಸೂರ್ಯೋದಯ ನೋಡುವ ಆಸೆಗೆ ಕತ್ತಲಲ್ಲಿ ಹತ್ತಬೇಡಿ, ಗವಿಗಳೊಳಗೆ ಇಣುಕಬೇಡಿ, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಡಿ. ಪೊದೆ ದಟ್ಟವಾಗಿರುವಲ್ಲಿ ಕೋಲಿನಿಂದ ಬಂಡೆ ತಟ್ಟುತ್ತಾ ಸದ್ದು ಮಾಡಿಕೊಂಡು ನಡೆಯಿರಿ. ಬಂಡೆಯ ಚಾಚಿನಡಿ ಹೆಜ್ಜೇನಿನ ಹುಟ್ಟು ಕಂಡರೆ ಸದ್ದಿಲ್ಲದೆ ಸುತ್ತಿ ಹೋಗಿ; ಹೊಗೆಯೂ ಘಾಟು ಸೆಂಟೂ ಅವುಗಳನ್ನು ಕೆರಳಿಸುತ್ತವೆ. ಇಳಿದ ಮೇಲೆ ದಣಿವಾರಿಸಿಕೊಳ್ಳಲು ತುಂಗಭದ್ರೆಗೆ ಇಳಿಯುವುದಂತೂ ಬೇಡವೇ ಬೇಡ. ಹೊಳೆಯಲ್ಲಿ ಸುಳಿಗಳಿವೆ, ಮೊಸಳೆಗಳಿವೆ, ಜಲಾಶಯದಿಂದ ನೀರು ಬಿಟ್ಟರೆ ಮಟ್ಟ ಬೇಗ ಏರುತ್ತದೆ.

ಚೀಲದಲ್ಲಿ ಮೂರು ಲೀಟರ್ ನೀರು, ಒಆರ್‌ಎಸ್ ಪುಡಿ, ಟೋಪಿ, ಪೂರ್ತಿ ಚಾರ್ಜ್ ಆದ ಮೊಬೈಲ್, ಸಣ್ಣ ಟಾರ್ಚ್ ಇರಲಿ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಸಾಕು, ಕೆಡುವುದಿಲ್ಲ, ಚೆಲ್ಲುವುದಿಲ್ಲ. ಒಗ್ಗಾಣಿ, ಮಿರ್ಚಿಯನ್ನು ಇಳಿದ ಮೇಲೆ ತಿನ್ನಿ, ಹತ್ತುವ ಮೊದಲು ತಿಂದರೆ ಅರ್ಧ ದಾರಿಯಲ್ಲೇ ದಾಹ ಹಿಂಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ನೆರಳಿನಲ್ಲಿ ಕುಳಿತು ನೀರು ಕುಡಿದು, ಚೇತರಿಸಿಕೊಂಡ ಮೇಲೆ ಕೆಳಗಿಳಿಯಿರಿ. ತುದಿ ಇನ್ನು ಹತ್ತೇ ನಿಮಿಷವಿದ್ದರೂ ಬಿಟ್ಟುಬಿಡಿ.

ಹೊರಡುವ ಮುನ್ನ ಯಾವ ಗುಡ್ಡ, ಯಾವ ಬದಿಯಿಂದ, ಎಷ್ಟು ಹೊತ್ತಿಗೆ ಕೆಳಗೆ ಎಂಬುದನ್ನು ಮನೆಯವರೊಬ್ಬರಿಗೆ ಬರೆದು ಕಳಿಸಿ. ಆ ಹೊತ್ತಿಗಿಂತ ಎರಡು ಗಂಟೆ ತಡವಾದರೆ 112ಕ್ಕೆ ಕರೆ ಮಾಡುವಂತೆ ಹೇಳಿರಿ. ಗೆಳತಿಯ ಮನೆಗೆ ಓದಲು ಹೋಗುತ್ತೇನೆಂದು ಸುಳ್ಳು ಹೇಳಿ ಹೊರಡುವ ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ: ಅವ್ವನಿಗೆ ಹೇಳಲಾಗದಿದ್ದರೆ ಅಕ್ಕನಿಗಾದರೂ ನಿಜ ಗೊತ್ತಿರಲಿ, ಇಲ್ಲವಾದರೆ ಹುಡುಕುವವರು ತಪ್ಪು ಊರಿನಲ್ಲಿ ಹುಡುಕುತ್ತಾರೆ. ಬಸ್ಸಿನಿಂದ ಇಳಿಯುವಾಗಲೇ ಕಂಡಕ್ಟರನ್ನು ಮರಳುವ ಬಸ್ಸುಗಳ ಬಗ್ಗೆ ಕೇಳಿ, ಕೊನೆಯದನ್ನಲ್ಲ, ಅದರ ಹಿಂದಿನದನ್ನು ನಿಮ್ಮ ಬಸ್ಸೆಂದು ಇಟ್ಟುಕೊಳ್ಳಿ.

ರಾಯಚೂರಿನವರಿಗೆ ಊರ ನಡುವಿನ ಕೋಟೆಬೆಟ್ಟವೇ ಅಭ್ಯಾಸಕ್ಕೆ ಸಾಕು, ಇಡೀ ದಿನ ಸಿಕ್ಕರೆ ಮುದಗಲ್ ಕೋಟೆ ಇದೆ. ಬಳ್ಳಾರಿಯವರಿಗೆ ಕೋಟೆ ಇರುವ ಬಳ್ಳಾರಿ ಗುಡ್ಡ ಹತ್ತಿರವಿದೆ. ಸಂಡೂರಿನ ಕಾಡಿಗೆ ಹೋಗುವುದಾದರೆ ಗಣಿ ಲಾರಿಗಳ ರಸ್ತೆಯಲ್ಲಿ ನಡೆಯಬೇಡಿ, ಕಾಡಿನೊಳಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ಮನೆ ಮುಟ್ಟಿದೊಡನೆ, ಹೊರಡುವ ಮುನ್ನ ನೀವು ಯಾರಿಗೆ ಬರೆದು ಕಳಿಸಿದ್ದಿರೋ ಅವರಿಗೆ ಬಂದೆನೆಂದು ತಿಳಿಸಿ, ಬಟ್ಟೆಗೆ ಅಂಟಿದ ಹುಲ್ಲುಮುಳ್ಳು ಕಿತ್ತು, ಸ್ನಾನ ಮಾಡಿ, ಸೋಮವಾರದ ಮೊದಲ ತರಗತಿಯ ನೋಟ್ಸನ್ನು ಅಂದೇ ರಾತ್ರಿ ಚೀಲಕ್ಕೆ ಹಾಕಿಡಿ. ಕಾಲುನೋವು ಬರುವುದು ಮರುದಿನ, ಸರಿಯಾಗಿ ಆ ತರಗತಿಯ ಮೆಟ್ಟಿಲು ಹತ್ತುವಾಗ.