ಎಲೆಕ್ಟ್ರಾನ್ ಚುಕ್ಕಿ ಚಿತ್ರ: ಮೊದಲು ಲೆಕ್ಕ, ಆಮೇಲೆ ಪೆನ್ಸಿಲ್

ಅಣುವಿನ ಎಲೆಕ್ಟ್ರಾನುಗಳನ್ನು ಚುಕ್ಕಿಗಳಾಗಿ ತೋರಿಸುವ ಚುಕ್ಕಿ ಚಿತ್ರ ಬರೆಯಿರಿ ಅಂದ ತಕ್ಷಣ ಹೆಚ್ಚಿನವರು ಒಂದೊಂದು ಪರಮಾಣುವಿನ ಸುತ್ತ ಎಂಟಾಗುವ ತನಕ (ಹೆಚ್ಚಿನ ಪರಮಾಣುಗಳಿಗೆ ಹೊರಗೆ ಎಂಟು ಬೇಕು) ಚುಕ್ಕಿ ಇಡುತ್ತಾ ಹೋಗುತ್ತಾರೆ, ಕೊನೆಗೆ ನೋಡಿದರೆ ಆ ಅಣುವಿನಲ್ಲಿ ಇಲ್ಲದ ಎಲೆಕ್ಟ್ರಾನುಗಳೂ ಕಾಗದದ ಮೇಲೆ ಬಂದು ಕೂತಿರುತ್ತವೆ. ಹಾಗಾಗಿ ಮೊದಲು ಎಣಿಸಿ.

ಎಣಿಸಬೇಕಾದದ್ದು ಹೊರಕವಚದ ಎಲೆಕ್ಟ್ರಾನುಗಳನ್ನು ಮಾತ್ರ. ಹೈಡ್ರೋಜನ್‌ಗೆ 1, ಕಾರ್ಬನ್‌ಗೆ 4, ನೈಟ್ರೋಜನ್‌ಗೆ 5, ಆಕ್ಸಿಜನ್‌ಗೆ 6, ಕ್ಲೋರಿನ್‌ಗೆ 7. ಒಳಗಿನ ಕವಚದವನ್ನು ಬರೆಯಲೇಬೇಡಿ. ಅಣುವಿನಲ್ಲಿರುವ ಎಲ್ಲ ಪರಮಾಣುಗಳದ್ದನ್ನೂ ಕೂಡಿ, ಮೊತ್ತವನ್ನು ಹಾಳೆಯ ಮೂಲೆಯಲ್ಲಿ ಬರೆದು ಸುತ್ತು ಹಾಕಿ. ಚಿತ್ರ ಮುಗಿದಾಗ ಅಷ್ಟೇ ಚುಕ್ಕಿ ಇರಬೇಕು.

ನೀರು ಸುಲಭ. 6 + 1 + 1, ಒಟ್ಟು 8. ಆಕ್ಸಿಜನ್ ನಡುವೆ, ಎರಡು ಹೈಡ್ರೋಜನ್ ಅಕ್ಕಪಕ್ಕ, ನಡುವೆ ಒಂದೊಂದು ಜೋಡಿ ಚುಕ್ಕಿ, ಅಂದರೆ ಒಂದೊಂದು ಬಂಧ. ನಾಲ್ಕು ಖರ್ಚಾಯಿತು, ಉಳಿದ ನಾಲ್ಕು ಆಕ್ಸಿಜನ್ ಮೇಲೆ ಎರಡು ಒಂಟಿ ಜೋಡಿಯಾಗಿ (ಬಂಧದಲ್ಲಿ ಸೇರದ ಜೋಡಿ) ಕೂರುತ್ತವೆ. ಹೈಡ್ರೋಜನ್‌ಗೆ ಎರಡೇ ಸಾಕು, ಅದಕ್ಕೆ ಎಂಟು ಕೊಡಲು ಹೋಗಬೇಡಿ. ಅದು ನಡುವೆ ಕೂರುವುದೂ ಇಲ್ಲ, ಯಾಕೆಂದರೆ ಅದು ಒಂದೇ ಬಂಧ ಮಾಡುವುದು.

ಕಾರ್ಬನ್ ಡೈಆಕ್ಸೈಡ್‌ನಲ್ಲಿ ನಿಜವಾದ ಕೆಲಸ ಶುರು. 4 + 6 + 6, ಒಟ್ಟು 16. ಕಾರ್ಬನ್ ನಡುವೆ ಇಟ್ಟು ಎರಡೂ ಕಡೆ ಒಂದೊಂದು ಜೋಡಿ ಹಾಕಿ, ಉಳಿದ 12ನ್ನು ಎರಡು ಆಕ್ಸಿಜನ್‌ಗೆ ಆರಾರರಂತೆ ಹಂಚಿ. ಈಗ ಆಕ್ಸಿಜನ್‌ಗಳಿಗೆ ಎಂಟೆಂಟು ಆಯಿತು, ಕಾರ್ಬನ್ ಸುತ್ತ ಮಾತ್ರ ನಾಲ್ಕೇ. ಹೊಸ ಚುಕ್ಕಿ ತರುವ ಹಾಗಿಲ್ಲ, 16 ಮುಗಿದಿದೆ ಅಲ್ವಾ? ಹಾಗಾಗಿ ಪ್ರತಿ ಆಕ್ಸಿಜನ್‌ನ ಒಂದು ಒಂಟಿ ಜೋಡಿಯನ್ನು ಕಾರ್ಬನ್ ಕಡೆಗೆ ಸರಿಸಿ. ಎರಡೂ ಕಡೆ ಎರಡೆರಡು ಜೋಡಿಯ ದ್ವಿಬಂಧ, ಎಲ್ಲರಿಗೂ ಎಂಟು.

ಎರಡು ಜೋಡಿಯನ್ನೂ ಒಂದೇ ಆಕ್ಸಿಜನ್‌ನಿಂದ ಎಳೆದುಕೊಂಡರೆ? ಆಗಲೂ ಎಂಟರ ಲೆಕ್ಕ ಸರಿಹೋಗುತ್ತದೆ, ಒಂದು ಕಡೆ ತ್ರಿಬಂಧ, ಇನ್ನೊಂದು ಕಡೆ ಏಕಬಂಧ. ಆದರೆ ಬಂಧದ ಎಲೆಕ್ಟ್ರಾನುಗಳನ್ನು ಸಮವಾಗಿ ಪಾಲು ಮಾಡಿ ನೋಡಿ: ತ್ರಿಬಂಧದ ಆಕ್ಸಿಜನ್‌ಗೆ 5 ಬರುತ್ತದೆ, ಏಕಬಂಧದ್ದಕ್ಕೆ 7. ತನ್ನದು 6 ಇರಬೇಕಾದ ಕಡೆ ಒಂದಕ್ಕೆ +1 ಆವೇಶ, ಇನ್ನೊಂದಕ್ಕೆ −1. ದ್ವಿಬಂಧದ ಚಿತ್ರದಲ್ಲಿ ಎಲ್ಲದರ ಮೇಲೂ ಸೊನ್ನೆ. ಸೊನ್ನೆಗೆ ಹತ್ತಿರ ಇರುವುದನ್ನೇ ಆರಿಸಿ.

ಎಷ್ಟು ಬಂಧ ಅಂತ ಮೊದಲೇ ತಿಳಿಯಲು ಒಂದು ಸುಲಭ ದಾರಿ ಇದೆ. ಎಲ್ಲರಿಗೂ ಬೇಕಾದದ್ದನ್ನು (ಹೈಡ್ರೋಜನ್‌ಗೆ 2, ಉಳಿದವಕ್ಕೆ 8) ಕೂಡಿ, ಇರುವುದನ್ನು ಕಳೆಯಿರಿ, ಎರಡರಿಂದ ಭಾಗಿಸಿ. ನೈಟ್ರೋಜನ್ ಅಣುವಿಗೆ 16 ಬೇಕು, 10 ಇದೆ, 6ರ ಅರ್ಧ 3, ಅಂದರೆ ತ್ರಿಬಂಧ. ಕಾರ್ಬನ್ ಮೊನಾಕ್ಸೈಡ್‌ಗೂ ಇದೇ ಅಂಕಿ, ಇದೇ ತ್ರಿಬಂಧ. ಕಾರ್ಬನ್ ನಾಲ್ಕು ಬಂಧ, ಆಕ್ಸಿಜನ್ ಎರಡು ಅಂತ ಸುಮ್ನೆ ಬಾಯಿಪಾಠ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ಎಣಿಸಿದವರಿಗೆ ಇದು ಅರ್ಧ ನಿಮಿಷದ ಕೆಲಸ.

ಅಯಾನು, ಅಂದರೆ ಆವೇಶ ಇರುವ ಕಣ, ಆದರೆ ಮೊತ್ತದಲ್ಲೇ ಸರಿಪಡಿಸಿಕೊಳ್ಳಿ. ಅಮೋನಿಯಂಗೆ (ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್) ಧನ ಆವೇಶ, 9ರಲ್ಲಿ ಒಂದು ಕಳೆದು 8. ಋಣ ಆವೇಶಕ್ಕೆ ಕೂಡಬೇಕು. ಕೊನೆಯಲ್ಲಿ ಚೌಕ ಆವರಣ ಹಾಕಿ ಆವೇಶ ಬರೆಯಿರಿ.

1916ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಲೂಯಿಸ್ ಮುಂದಿಟ್ಟ ಈ ವಿಧಾನ ಎಲ್ಲವನ್ನೂ ಹೇಳುವುದಿಲ್ಲ. ಆಕ್ಸಿಜನ್ ಅಣುವನ್ನೇ ನೋಡಿ, ಚಿತ್ರದಲ್ಲಿ ಎಲ್ಲ ಚುಕ್ಕಿಯೂ ಜೋಡಿಯಾಗಿರುತ್ತದೆ, ಆದರೆ ದ್ರವ ಆಕ್ಸಿಜನ್ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ, ಅಂದರೆ ಒಳಗೆ ಜೋಡಿಯಿಲ್ಲದ ಎಲೆಕ್ಟ್ರಾನುಗಳಿವೆ. ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ಬೋರಾನ್ ಸುತ್ತ ಆರೇ ಚುಕ್ಕಿ ಬರೆಯುವುದು ರೂಢಿ. ಇನ್ನು ಮೊತ್ತ ಬೆಸ ಸಂಖ್ಯೆ ಬಂದರೆ ಎಣಿಕೆಯನ್ನು ಇನ್ನೊಮ್ಮೆ ನೋಡಿ. ಆಗಲೂ ಬೆಸವೇ ಬಂದರೆ ಅದು ನೈಟ್ರಿಕ್ ಆಕ್ಸೈಡ್ ಥರದ್ದು: 5 + 6, ಒಟ್ಟು 11. ಆಕ್ಸಿಜನ್‌ಗೆ ಎಂಟು ಕೊಡಿ, ನೈಟ್ರೋಜನ್‌ಗೆ ಏಳೇ ಇರಲಿ, ಒಂದು ಚುಕ್ಕಿ ಒಂಟಿಯಾಗಿಯೇ ಉಳಿಯುತ್ತದೆ.