ಧನಿಯಾ ಬಿಟ್ಟ ಮೇಲೆ ಚಿಲಿ ಆಯ್ತು: ನನ್ನ ಅನುಭವ

ಟೆಕ್ಸಾಸಿನ ಸ್ಯಾನ್ ಆಂಟೋನಿಯೋಗೆ ಬಂದು ಇದು ಏಳ್ನೇ ವರ್ಷ, ಅದ್ರಲ್ಲಿ ಮೊದಲ ಎರಡು ವರ್ಷ ನಾನು ಮಾಡ್ತಿದ್ದ ಚಿಲಿ ಚಿಲಿನೇ ಆಗಿರ್ಲಿಲ್ಲ ಅಂತ ಈಗ ಒಪ್ಕೋತೀನಿ. ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ, ಇಲ್ಲಿ ಚಿಲಿ ಅಂದ್ರೆ ಬರೀ ಮೆಣಸಿನಕಾಯಿ ಅಲ್ಲ, ದನದ ಬಾಡನ್ನ ಒಣಮೆಣಸಿನಕಾಯಿ ಮಸಾಲೇಲಿ ಗಂಟೆಗಟ್ಲೆ ಬೇಯಿಸಿ ಮಾಡೋ ಮಂದ ಗೊಜ್ಜಿನಂಥ ಅಡುಗೆ, ಪೂರ್ತಿ ಹೆಸರು ಚಿಲಿ ಕಾನ್ ಕಾರ್ನೆ. 1977ರಿಂದ ಟೆಕ್ಸಾಸಿನ ಅಧಿಕೃತ ರಾಜ್ಯ ತಿನಿಸೂ ಇದೇ. ನಾನಿರೋ ಊರಿಗೆ ಇದ್ರ ಮೇಲೆ ಸ್ವಲ್ಪ ಜಾಸ್ತಿನೇ ಹಕ್ಕು, 19ನೇ ಶತಮಾನದ ಕೊನೇಲಿ ಇಲ್ಲಿನ ಮಿಲಿಟರಿ ಪ್ಲಾಜಾ ಅನ್ನೋ ಚೌಕದಲ್ಲಿ ಸಂಜೆಯಾದ್ರೆ ಲಾಟೀನು ಹಚ್ಕೊಂಡು ಹೆಂಗಸ್ರು ಚಿಲಿ ಮಾರ್ತಿದ್ರಂತೆ, ಅವ್ರಿಗೆ ಚಿಲಿ ಕ್ವೀನ್ಸ್ ಅಂತಾನೇ ಹೆಸ್ರು.

ನಾನು ಮಾತ್ರ ಶುರು ಮಾಡಿದ್ದು ಪ್ಯಾಕೆಟ್ಟಿಂದ. ಒಂದು ಡಾಲರ್ ಚಿಲ್ಲರೆಗೆ ಸಿಗೋ ಚಿಲಿ ಸೀಸನಿಂಗ್, ಬಾಡು ಹುರಿ, ಪ್ಯಾಕೆಟ್ ಸುರಿ, ಡಬ್ಬಿ ಕಾಳು ಸುರಿ, ಆಯ್ತು ಊಟ. ನೈಟ್ ಶಿಫ್ಟ್ ಮುಗ್ಸಿ ಬರೋನಿಗೆ ಅದೇ ದೊಡ್ಡದು. ಆದ್ರೆ ತಿಂದು ಎದ್ಮೇಲೆ ಬಾಯಲ್ಲಿ ಉಪ್ಪು ಬಿಟ್ರೆ ಏನೂ ಉಳೀತಿರ್ಲಿಲ್ಲ, ಒಂದಿನ ಪ್ಯಾಕೆಟ್ ಹಿಂದೆ ತಿರುಗ್ಸಿ ಓದಿದ್ರೆ ಉಪ್ಪು, ಮುಸುಕಿನ ಜೋಳದ ಪಿಷ್ಟ, ಸಕ್ಕರೆ, ಇವೆಲ್ಲ ಸೇರ್ಕೊಂಡಿದೆ, ಗೊಜ್ಜು ಗಂಜಿ ಥರ ಆಗ್ತಿದ್ದಿದ್ದು ಅದಕ್ಕೇ. ಇದೇನು ದೊಡ್ಡ ವಿದ್ಯೆ, ನಮ್ಮವ್ವನ ಪುಡಿ ಇದ್ಯಲ್ಲ ಅಂತ ಫ್ರೀಜರಲ್ಲಿ ಇಟ್ಟಿದ್ದ ಬಾಡೆಸ್ರಿನ ಪುಡಿ ತೆಗ್ದೆ. ಚಾಮರಾಜನಗರ ಕಡೆ ನಮ್ಮನೇಲಿ ಆ ಪುಡಿಗೆ ಬ್ಯಾಡಗಿ, ಸ್ವಲ್ಪ ಗುಂಟೂರು, ಮೆಣಸಿನಕಾಯಿಗೆ ಎರಡರಷ್ಟು ಧನಿಯಾ, ಮೆಣಸು, ಚಕ್ಕೆ ಲವಂಗ, ಒಂಚೂರು ಗಸಗಸೆ. ಮೂರು ಚಮಚ ಹಾಕಿ ಬೇಯ್ಸಿದೆ, ಘಮ ಅಂದ್ರೆ ಘಮ, ಕಣ್ಮುಚ್ಕೊಂಡ್ರೆ ಊರಲ್ಲೇ ಇದ್ದಂಗೆ. ಖುಷಿಗೆ ಪಕ್ಕದ್ಮನೆ ಅಜ್ಜಿಗೂ ಒಂದು ಬಟ್ಟಲು ಕೊಟ್ಟು ಬಂದೆ.

ಆ ಅಜ್ಜಿದು ಮೆಕ್ಸಿಕನ್ ಮೂಲದ ಕುಟುಂಬ, ನಾಕು ತಲೆಮಾರಿಂದ ಇದೇ ಊರು. ನನ್ನನ್ನ ಮಿಹೋ ಅಂತ ಕರೀತಾರೆ, ಅಂದ್ರೆ ನಮ್ಮವ್ವ ಮಗ ಅಂದಂಗೇ. ಮಾರ್ನೇ ದಿನ ಬಟ್ಟಲು ತೊಳ್ದು ವಾಪಸ್ ಕೊಡ್ತಾ "ತುಂಬಾ ಚೆನ್ನಾಗಿತ್ತು ಮಿಹೋ, ಆದ್ರೆ ಅದು ಚಿಲಿ ಅಲ್ಲ" ಅಂದ್ರು. ನಂಗೆ ಸ್ವಲ್ಪ ಚುರುಕ್ ಅಂತು. ಪುಡಿ ಡಬ್ಬ ತಂದು ಮುಂದಿಟ್ಟೆ, ಮೂಸಿ ನೋಡಿದ್ರು, ಅಂಗೈ ಮೇಲೆ ಚೂರು ಹಾಕ್ಕೊಂಡು ಬೆರಳಲ್ಲಿ ತೀಡಿದ್ರು, ಮತ್ತೆ ಮೂಸಿ "ಇದ್ರಲ್ಲಿ ಕೊತ್ತಂಬರಿ ಬೀಜ ಜಾಸ್ತಿ ಇದೆ, ಅದನ್ನ ತೆಗಿ, ಜೀರಿಗೆ ಮೇಲೆ ಕೂರ್ಸು" ಅಂದ್ರು. ಅಷ್ಟೇ ಪಾಠ. ನಿಜ ಹೇಳ್ಬೇಕಂದ್ರೆ ಇಡೀ ವಿಷ್ಯ ಅದೊಂದೇ ಮಾತಲ್ಲಿ ಇದೆ. ನಮ್ಮ ಸಾರಿಗೆ ಮೈ ಕೊಡೋದು ಧನಿಯಾ, ಅದು ಬಿತ್ತು ಅಂದ್ರೆ ನೀವು ಏನು ಮಾಡಿದ್ರೂ ಸಾರೇ ಆಗೋದು. ಚಿಲಿಗೆ ಮೈ ಕೊಡೋದು ಮೆಣಸಿನಕಾಯಿನೇ, ಜೀರಿಗೆ ಅದಕ್ಕೆ ಬೆನ್ನೆಲುಬು. ಇಲ್ಲೂ ಕೆಲವ್ರು ಚೂರು ಧನಿಯಾ ಹಾಕ್ತಾರೆ, ಬೇಡ ಅನ್ನಲ್ಲ, ನನ್ನ ಕೈ ಅಳತೆ ಗೊತ್ತಿರೋದ್ರಿಂದ ನಾನು ಹಾಕಲ್ಲ.

ಈಗ ಪುಡಿ ವಿಷ್ಯಕ್ಕೆ ಬರೋಣ. ಮೂರು ಥರ ಒಣಮೆಣಸಿನಕಾಯಿ ತಗೋತೀನಿ, ಆಂಚೋ ಆರು, ಗ್ವಾಹಿಯೋ ನಾಕು, ಆರ್ಬೋಲ್ ಎರಡು. ಆಂಚೋ ಅಂದ್ರೆ ಪೊಬ್ಲಾನೋ ಅನ್ನೋ ದಪ್ಪ ಮೆಣಸಿನಕಾಯಿ ಹಣ್ಣಾಗಿ ಒಣಗಿರೋದು, ಕರೀ ಬಣ್ಣ, ಅಗಲ, ಕೈಯಲ್ಲಿ ಹಿಡ್ಕೊಂಡ್ರೆ ಹಳೇ ಹುಣಸೆಹಣ್ಣು ಹಿಡ್ದಂಗೆ ಮೆತ್ತಗೆ, ಮೂಸಿದ್ರೆ ಒಣದ್ರಾಕ್ಷಿ ವಾಸ್ನೆ, ಖಾರ ಇಲ್ವೇ ಇಲ್ಲ ಅನ್ಬೋದು. ಗ್ವಾಹಿಯೋ ಉದ್ದಕ್ಕೆ ನುಣ್ಣಗೆ ಕೆಂಪು, ನಮ್ಮ ಬ್ಯಾಡಗಿ ಜಾಗಕ್ಕೆ ಅದು, ಬಣ್ಣ ಜಾಸ್ತಿ ಖಾರ ಕಮ್ಮಿ. ಆರ್ಬೋಲ್ ಕಿರುಬೆರಳಿನಷ್ಟು, ಅದು ಗುಂಟೂರು ಕೆಲ್ಸ ಮಾಡುತ್ತೆ. ಗ್ವಾಹಿಯೋ ಸಿಗ್ದಿದ್ರೆ ಬ್ಯಾಡಗಿ ಹಾಕಿ, ಧೈರ್ಯವಾಗಿ ಹಾಕಿ, ನಾನು ಹಾಕಿದ್ದೀನಿ. ಆಂಚೋಗೆ ಮಾತ್ರ ಬದಲಿ ಇಲ್ಲ. ಮೆಣಸಿನಕಾಯಿ ಮೂಲ ಮನೆನೇ ಮೆಕ್ಸಿಕೋ ಕಡೆ ಅಲ್ವಾ, ಪೋರ್ಚುಗೀಸರ ಹಡಗಲ್ಲಿ ನಮ್ಮ ಕಡೆ ಬಂದಿದ್ದು, ಹಂಗಾಗಿ ಇವ್ರ ಅಂಗಡೀಲಿ ಹತ್ತು ಹದಿನೈದು ಥರ ಗೋಣಿ ತುಂಬ ಇಟ್ಟಿರ್ತಾರೆ, ನೋಡೋಕೇ ಒಂದು ಗಂಟೆ ಬೇಕು.

ತೊಟ್ಟು ಮುರ್ದು ಬೀಜ ಉದುರ್ಸಿ ಬೀಡಿನ ತವಾ ಮೇಲೆ ಸಣ್ಣ ಉರೀಲಿ ಒಂದೊಂದು ಕಡೆ ಇಪ್ಪತ್ತು ಮೂವತ್ತು ಸೆಕೆಂಡ್ ಒತ್ತಿ ಹುರೀಬೇಕು, ಅಷ್ಟೇ. ಮೊದಲ್ನೇ ಸಲ ನಾನು ನಮ್ಮ ಮೆಣಸಿನಕಾಯಿ ಹುರ್ದಂಗೆ ಗರಿಗರಿ ಆಗ್ಲಿ ಅಂತ ಕಾದೆ, ಆಂಚೋ ಕರ್ರಗೆ ಇರೋದ್ರಿಂದ ಸೀದಿದ್ದು ಗೊತ್ತೇ ಆಗ್ಲಿಲ್ಲ, ಘಾಟು ನೆತ್ತಿಗೆ ಹತ್ತಿ ಮನೆಯವ್ಳು ಮಗೂನ ಎತ್ಕೊಂಡು ಆಚೆ ಓಡಿದ್ಲು, ಹೊಗೆ ಅಲಾರಾಂ ಬೇರೆ ಬಡ್ಕೋತಿತ್ತು, ಆಮೇಲೆ ಪುಡಿ ಪೂರ್ತಿ ಕಹಿ, ಎಸೀಬೇಕಾಯ್ತು. ಆಂಚೋ ತವಾ ಮೇಲೆ ಗರಿ ಆಗಲ್ಲ, ಒಳಗೆ ಪಸೆ ಇರುತ್ತೆ. ಬಿಸಿ ಆಗಿ ವಾಸ್ನೆ ಬಿಟ್ಟ ತಕ್ಷಣ ತೆಗ್ದು ಅವನ್ನಲ್ಲಿ 120 ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಹದಿನೈದು ನಿಮಿಷ ಇಟ್ಟು, ಆಚೆ ತೆಗ್ದು ಆರೋಕೆ ಬಿಡಿ, ಆರಿದ್ಮೇಲೆ ಹಪ್ಪಳ ಮುರ್ದಂಗೆ ಮುರಿಯುತ್ತೆ. ಎರಡು ದೊಡ್ಡ ಚಮಚ ಜೀರಿಗೆ ಬೇರೆ ಹುರ್ಕೊಳಿ. ಎಲ್ಲ ಮಿಕ್ಸಿಗೆ ಹಾಕಿ, ಜೊತೆಗೆ ಒಂದು ದೊಡ್ಡ ಚಮಚ ಮೆಕ್ಸಿಕನ್ ಓರೆಗಾನೋ, ಒಂದು ದೊಡ್ಡ ಚಮಚ ಒಣ ಬೆಳ್ಳುಳ್ಳಿ ಪುಡಿ. ಪಿಜ್ಜಾ ಜೊತೆ ಕೊಡೋ ಓರೆಗಾನೋ ಬೇರೆ ಗಿಡ, ಮೆಕ್ಸಿಕನ್ನದು ಬೇರೆ ಗಿಡ, ವಾಸ್ನೆಲಿ ಸ್ವಲ್ಪ ನಿಂಬೆ ಥರ ಇರುತ್ತೆ, ಅದೇ ಸಿಗ್ಬೇಕು. ಉಪ್ಪು ಪುಡಿಗೆ ಹಾಕ್ಬೇಡಿ, ಪಾತ್ರೆಗೆ ಹಾಕ್ಕೊಳಿ. ಇಂಥ ಪುಡಿ ಮಾರೋಕೆ ಮೊದಮೊದಲು ಶುರು ಮಾಡಿದೋರಲ್ಲಿ ಒಬ್ಬ ಈ ಊರಿನ ಹತ್ರದೋನೇ, ನ್ಯೂ ಬ್ರೌನ್‌ಫೆಲ್ಸ್ ಅನ್ನೋ ಊರಲ್ಲಿ 1890ರ ದಶಕದಲ್ಲಿ ವಿಲಿಯಂ ಗೆಬ್‌ಹಾರ್ಟ್ ಅಂತ ಜರ್ಮನ್ ವಲಸಿಗ, ಕೀಮಾ ಮಾಡೋ ಮಿಷನ್ನಲ್ಲಿ ಮೆಣಸಿನಕಾಯಿ ಅರೀತಿದ್ದನಂತೆ.

ಅಜ್ಜಿ ಮಾತ್ರ ಪುಡಿ ಮಾಡಲ್ಲ, ಬಿಸಿನೀರಲ್ಲಿ ನೆನೆಹಾಕಿ ರುಬ್ತಾರೆ. ಅದು ಇನ್ನೂ ರುಚಿ, ಒಪ್ತೀನಿ, ಆದ್ರೆ ಪುಡಿ ಇದ್ರೆ ವಾರದ ಮಧ್ಯ ಅರ್ಧ ಗಂಟೇಲಿ ಅಡುಗೆ ಆಗುತ್ತೆ.

ಬಾಡಿನ ವಿಷ್ಯದಲ್ಲೂ ಒಂದ್ಸಲ ಎಡವಿದ್ದೀನಿ. ಕೊಬ್ಬಿಲ್ದೆ ಇರೋ ಸರ್ಲಾಯ್ನ್, ಅಂದ್ರೆ ಸೊಂಟದ ಹತ್ರದ ಭಾಗ, ದುಡ್ಡು ಜಾಸ್ತಿ ಕೊಟ್ಟು ತಂದೆ, ಎರಡು ಗಂಟೆ ಬೇಯ್ಸಿದ್ಮೇಲೆ ತೆಂಗಿನ ನಾರು ಅಗ್ದಂಗೆ ಆಯ್ತು. ಚಕ್ ತಗೋಬೇಕು, ಅಂದ್ರೆ ಭುಜದ ಭಾಗ, ನರ ಕೊಬ್ಬು ಎಲ್ಲ ಸೇರಿರುತ್ತೆ, ಆ ನರ ಕರಗಿನೇ ಗೊಜ್ಜು ತುಟಿಗೆ ಅಂಟೋ ಹಂಗಾಗೋದು. ನಮ್ಮವ್ವಂಗೆ ಇದೆಲ್ಲ ಗೊತ್ತು, "ನರ ಇರೋ ತುಂಡು ಇಸ್ಕೊ ಬಾ" ಅಂತಾನೇ ಕಳಿಸ್ತಿತ್ತು ನನ್ನ. ಊರಲ್ಲಿ ಈಗ ಆ ಮಾತಿಗೂ ಅರ್ಥ ಕಮ್ಮಿ ಬಿಡಿ, 2021ರಲ್ಲಿ ಹೊಸ ಕಾನೂನು ಬಂದ್ಮೇಲೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ರೆ ಬೇರೆ ದನ ಎಮ್ಮೆ ಯಾವ್ದೂ ಕಡಿಯಂಗಿಲ್ಲ, ಆ ಮುದಿ ಬಾಡು ಹತ್ತು ಕೂಗು ಕೂಗಿಸಿದ್ರೂ ಬೇಯಲ್ಲ ಅಂತ ಅವ್ವ ಫೋನಲ್ಲಿ ಬಯ್ತಿರುತ್ತೆ.

ಒಂದು ಕೆಜಿ ಚಕ್, ಒಂದಿಂಚು ತುಂಡು, ಪೇಪರ್ ಟವೆಲಲ್ಲಿ ನೀರು ಒತ್ತಿ ತೆಗ್ದು ಉಪ್ಪು ಸವ್ರಿ, ಬೀಡಿನ ಪಾತ್ರೇಲಿ ಎಣ್ಣೆ ಹೊಗೆ ಆಡೋ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ ಹುರೀಬೇಕು. ಎಲ್ಲ ಒಟ್ಟಿಗೆ ಸುರಿದ್ರೆ ನೀರು ಬಿಟ್ಕೊಂಡು ಬೇಯುತ್ತೆ, ಹುರಿಯಲ್ಲ. ತಳದಲ್ಲಿ ಕಂದು ಬಣ್ಣಕ್ಕೆ ಕಚ್ಕೊಂಡಿರುತ್ತಲ್ಲ ಅದೇ ಆಸ್ತಿ, ಅದ್ರ ಮೇಲೆ ಎರಡು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಆಮೇಲೆ ನಾಕು ದೊಡ್ಡ ಚಮಚ ಪುಡಿ ಹಾಕಿ ಆ ಕೊಬ್ಬಲ್ಲೇ ಒಂದು ನಿಮಿಷ ತಿರುವಿ, ಎಣ್ಣೆ ಕೆಂಪಗಾಗೋದು ಕಣ್ಣಿಗೇ ಕಾಣುತ್ತೆ. ಒಂದು ಸಣ್ಣ ಡಬ್ಬಿ ಟೊಮೆಟೊ, ಬಾಡು ಮುಳುಗೋಷ್ಟು ನೀರು, ಮುಚ್ಚಳ ಓರೆ ಮಾಡಿ ಸಣ್ಣ ಉರೀಲಿ ಎರಡು ಗಂಟೆ.

ಇನ್ನು ಕಾಳು. ಇಲ್ಲಿ ಕಾಳಿನ ಮಾತೆತ್ತಿದ್ರೆ ಜಗಳನೇ. ಟೆಕ್ಸಾಸಿನ ಕಟ್ಟಾ ಚಿಲಿಯವ್ರು ಕಾಳು ಹಾಕಿದ್ರೆ ಅದು ಚಿಲಿನೇ ಅಲ್ಲ ಅಂತಾರೆ, ಟರ್ಲಿಂಗ್ವಾ ಅನ್ನೋ ಮರುಭೂಮಿ ಊರಲ್ಲಿ 1967ರಿಂದ ಚಿಲಿ ಸ್ಪರ್ಧೆ ನಡ್ಯುತ್ತೆ, ಈಗ ಅಲ್ಲಿ ಕಾಳು ಹಾಕಂಗೇ ಇಲ್ಲ. ನಂಗೆ ಆ ಹಟ ಅರ್ಥ ಆಗಲ್ಲ. ಒಂದು ಕೆಜಿ ಬಾಡನ್ನ ಮನೆ ಮಂದಿಗೆಲ್ಲ ಎರಡು ದಿನ ಬರ್ಸೋಕೆ ಕಾಳು ಸೇರ್ಸೋದು ನಾನು ಕಂಡಿರೋ ಎಲ್ಲ ಬಡವರ ಮನೇಲೂ ಇರೋ ಪದ್ಧತಿ, ಅಜ್ಜಿ ಮನೇಲೂ ಹಂಗೇ ಹಾಕೋದಂತೆ, ಸ್ಪರ್ಧೆಗೆ ಹೋಗೋರು ಬೇಕಾದ್ರೆ ಬಿಡ್ಲಿ.

ಆದ್ರೆ ಕಾಳು ಹಾಕೋ ರೀತಿ ಇದೆ. ಒಂದ್ಸಲ ಶಿಫ್ಟಿಗೆ ಹೋಗೋ ಮುಂಚೆ ಕೆಂಪು ರಾಜ್ಮಾ ಬರೀ ತೊಳ್ದು ಬಾಡಿನ ಜೊತೆ ಸ್ಲೋ ಕುಕ್ಕರಿಗೆ, ಅಂದ್ರೆ ಗಂಟೆಗಟ್ಲೆ ಸಣ್ಣ ಬಿಸೀಲಿ ಬೇಯ್ಸೋ ಕರೆಂಟ್ ಪಾತ್ರೆಗೆ, ಹಾಕಿ ಲೋ ಇಟ್ಟು ಹೋದೆ. ಬಂದು ತಿಂದ್ವಿ, ಕಾಳು ಸ್ವಲ್ಪ ಕಚಕಚ ಅಂತಿತ್ತು, ಎರಡು ಗಂಟೆ ಕಳ್ಯೋದ್ರೊಳಗೆ ಇಬ್ರಿಗೂ ವಾಂತಿ, ಪುಣ್ಯಕ್ಕೆ ಮಗು ತಿಂದಿರ್ಲಿಲ್ಲ. ಆಮೇಲೆ ಗೊತ್ತಾಯ್ತು, ರಾಜ್ಮಾದಲ್ಲಿ ಲೆಕ್ಟಿನ್ ಅಂತ ಒಂದು ವಿಷದ ಅಂಶ ಇರುತ್ತೆ, ಕೊತಕೊತ ಕುದ್ರೆ ಸಾಯುತ್ತೆ, ಸ್ಲೋ ಕುಕ್ಕರಿನ ಸಣ್ಣ ಬಿಸಿಗೆ ಸಾಯಲ್ಲ, ಅರೆಬೆಂದ್ರೆ ಹಸಿಗಿಂತ ಕೇಡು. ಲ್ಯಾಬಲ್ಲಿ ಕೆಲ್ಸ ಮಾಡೋನು ನಾನು, ನಂಗೇ ಗೊತ್ತಿರ್ಲಿಲ್ಲ ಅಂತ ಮನೆಯವ್ಳು ಇವತ್ತಿಗೂ ಹಂಗಿಸ್ತಾಳೆ. ಈಗ ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸ್ದೆ ಮುಂದಕ್ಕೆ ಹೋಗಲ್ಲ, ಇಲ್ಲಾಂದ್ರೆ ಪ್ರೆಶರ್ ಕುಕ್ಕರ್. ಈಗೀಗ ಜಾಸ್ತಿ ಪಿಂಟೋ ಕಾಳೇ ತರ್ತೀನಿ, ಮೈ ಮೇಲೆ ಚುಕ್ಕೆ ಚುಕ್ಕೆ ಇರುತ್ತೆ, ಬೆಂದ್ರೆ ಬೆಣ್ಣೆ, ಇದೂ ನೆನೆಹಾಕಿ ಜೋರಾಗಿ ಕುದಿಸಿನೇ. ಒಂದೂವರೆ ಲೋಟ ಕಾಳು ಬೇರೆನೇ ಬೇಯ್ಸಿ ಕೊನೆ ಅರ್ಧ ಗಂಟೇಲಿ ಸೇರಿಸ್ಬೇಕು, ಟೊಮೆಟೊ ಹುಳಿ ಒಳಗೆ ಹಸಿಕಾಳು ಹಾಕಿದ್ರೆ ಬೆಳಗಾದ್ರೂ ಮೆತ್ತಗಾಗಲ್ಲ. ಈ ಊರಿನ ನೀರು ಬೇರೆ ಸುಣ್ಣದಕಲ್ಲಿನ ಅಂತರ್ಜಲ, ನಮ್ಮ ಬೋರ್ ನೀರಲ್ಲಿ ಬೇಳೆ ಬೇಯ್ದೆ ಸತಾಯ್ಸುತ್ತಲ್ಲ ಅದೇ ಕಥೆ, ಒಂದು ಚಿಟಿಕೆ ಅಡುಗೆ ಸೋಡಾ ಹಾಕ್ತೀನಿ.

ಕಾಳು ಸೇರ್ಸಿದ್ಮೇಲೆ ಎರಡು ದೊಡ್ಡ ಚಮಚ ಮಾಸಾ, ಅಂದ್ರೆ ಸುಣ್ಣದ ನೀರಲ್ಲಿ ಬೇಯ್ಸಿದ ಮುಸುಕಿನ ಜೋಳದ ಹಿಟ್ಟು, ನೀರಲ್ಲಿ ಕದಡಿ ಹಾಕಿದ್ರೆ ಗೊಜ್ಜು ಮಂದ ಆಗುತ್ತೆ. ಇಳ್ಸೋ ಮುಂಚೆ ಅರ್ಧ ನಿಂಬೆಹಣ್ಣು. ಮಾರ್ನೇ ದಿನ ಇನ್ನೂ ಚೆನ್ನ. ಮುದ್ದೆ ಜೊತೆ ತಿಂದು ನೋಡಿದ್ದೀನಿ, ಹೊಂದಲ್ಲ, ಮುದ್ದೆ ನುಂಗೋಕೆ ತೆಳು ಎಸರು ಬೇಕು, ಇದು ಗಂಟಲಲ್ಲೇ ಕೂತ್ಕೊಳುತ್ತೆ. ಮುಸುಕಿನ ಜೋಳದ ಬ್ರೆಡ್ಡೇ ಸರಿ, ಇಲ್ಲಾ ಅನ್ನ. ವಾರದ ಮಧ್ಯ ಆದ್ರೆ ಇಪ್ಪತ್ತು ಪರ್ಸೆಂಟ್ ಕೊಬ್ಬಿರೋ ಕೀಮಾ, ಅದೇ ಪುಡಿ, ಫ್ರೀಜರಲ್ಲಿರೋ ಬೆಂದ ಕಾಳು, ಟೊರ್ಟಿಯಾ ಅನ್ನೋ ತೆಳು ರೊಟ್ಟೀಲಿ ಸುತ್ಕೊಂಡು ಮುಗ್ಸೋದು.

ಮುದ್ದೆಗೆ ಅಂತಾನೇ ತಿಂಗ್ಳಿಗೊಂದ್ಸಲ ಅವ್ವನ ಪುಡಿ ಆಚೆ ಬರುತ್ತೆ. ಇಂಡಿಯನ್ ಅಂಗಡೀಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಫ್ರೋಜನ್ ಸಿಗುತ್ತೆ, ನಮ್ಮ ಅವರೆಕಾಳಿಗೆ ಹತ್ರ ಹತ್ರ, ಸೊಗಡು ಮಾತ್ರ ಇಲ್ಲ. ಬಿಸಿನೀರಲ್ಲಿ ಹಾಕಿ ಹಿಸುಕಿದ್ರೆ ಸಿಪ್ಪೆ ಬಿಡುತ್ತೆ, ಚಕ್ ಬೇರೆ ಬೇಯ್ಸಿಟ್ಕೊಂಡು, ಅವ್ವನ ಪುಡಿ, ತೆಂಗಿನಕಾಯಿ ರುಬ್ಬಿ, ಕೊನೇಲಿ ಕಾಳು. ಹೋದ ತಿಂಗ್ಳು ವಿಡಿಯೋ ಕಾಲಲ್ಲಿ ಪಾತ್ರೆ ತೋರ್ಸಿದೆ, ಅವ್ವ ಕಣ್ಣು ಕಿರಿದು ಮಾಡ್ಕೊಂಡು ನೋಡಿ "ಎಸ್ರು ಕಮ್ಮಿ ಆಯ್ತು ಕಣ್ಲಾ, ನೀರು ಬುಡು" ಅಂತು.

ಎರಡು ಪುಡೀನೂ ಒಂದೇ ಥರದ ಬಾಟ್ಲೀಲಿ ಇಟ್ಟಿದ್ದೆ, ಅದು ನಂದೇ ತಪ್ಪು. ಮನೆಯವ್ಳು ಒಂದಿನ ಅವಸರದಲ್ಲಿ ಬೇಳೆಸಾರಿಗೆ ಚಿಲಿ ಪುಡಿ ಎರಡು ಚಮಚ ಹಾಕ್ಬಿಟ್ಲು, ಓರೆಗಾನೋ ವಾಸ್ನೆ ಬರೋ ಸಾರು. ನಾವಿಬ್ರೂ ಮುಖ ಮುಖ ನೋಡ್ಕೊಂಡ್ವಿ, ಮಗಳು ಮಾತ್ರ ಎರಡು ಸಲ ಹಾಕಿಸ್ಕೊಂಡು ತಿಂದ್ಲು. ಆಮೇಲೆ ಒಂದು ಬಾಟ್ಲಿ ಮುಚ್ಚಳಕ್ಕೆ ಟೇಪ್ ಅಂಟ್ಸಿ "ಇದ್ರಲ್ಲಿ ಧನಿಯಾ ಇಲ್ಲ" ಅಂತ ಮಾರ್ಕರಲ್ಲಿ ಬರ್ದಿಟ್ಟಿದ್ದೀನಿ.